ಖಾತೆ ಬದಲಾವಣೆ

ಕೆಳಗೆ ಹಲಗೆಗಳ ಮೇಲೆ ಚೀಸಿನ ಗಾಲಿಗಳು ಮಾಗುತ್ತಿವೆ.
ಮೇಲೆ, ಸಹಕಾರ ಸಂಘದ ಅಟ್ಟದಲ್ಲಿ, ನಾನು:
ಇದಲೀನಾ ಸಿಲ್ವೇರ, ಲೆಕ್ಕ ಬರೆಯುವವಳು,
ಕಂಪ್ಯೂಟರ್ ಕೆಟ್ಟರೆ ಅದಕ್ಕೂ ನಾನೇ.
ಅರವತ್ತೆರಡು ಅಂಚೆಪೆಟ್ಟಿಗೆಗಳನ್ನು
ಲಿಸ್ಬನ್ನಿನ ಹಳೆ ಸರ್ವರಿನಿಂದ ಹೊಸದಕ್ಕೆ ಸಾಗಿಸಿ
ಕೂತಿದ್ದೇನೆ. ರಾತ್ರಿ ಒಂದು ಗಂಟೆ.

ಎಣಿಸಿದೆ. ಒಂದಕ್ಷರವೂ ದಾರಿಯಲ್ಲಿ ಉದುರಿಲ್ಲ.
ಹನ್ನೊಂದು ವರ್ಷದ ಕೊಬ್ಬಿನಂಶದ ಪಟ್ಟಿ,
ಪಶುವೈದ್ಯೆಯ ಬೈಗುಳ,
ಕೆನಡಾದ ಸೋದರತ್ತೆಯರ ಮದುವೆ ಫೋಟೊ, ಎಲ್ಲ ಬಂದಿವೆ.
ಬಾಗಿಲೂ ಬಂದಿದೆ: ನೀಲಿ ಲಾಂಛನ, ಹೆಸರು, ಪಾಸ್‌ವರ್ಡು.
ಒತ್ತಿದರೆ ಬಿಳಿ ಪುಟ.
ಬಿಳಿ ಅಂದರೆ ಬಿಳಿ. ನಮ್ಮ ಹಾಲಿಗೂ ಅಷ್ಟು ಬಿಳುಪಿಲ್ಲ.

ತಪ್ಪೇನೆಂದು ಬರೆದಿಡಬೇಕಾದ ದಿನಚರಿಗೇ
ಬರೆಯುವ ಅನುಮತಿ ಇರಲಿಲ್ಲ.
ಮೂಗನಿಗೆ ಹಲ್ಲುನೋವು ಬಂದಂತೆ
ಯಂತ್ರ ನನ್ನನ್ನೇ ನೋಡುತ್ತಿತ್ತು.

ಎರಡು ಗಂಟೆಗೆ ಮಾಡಬಾರದ್ದು ಮಾಡಿದೆ.
ಏಳು ಏಳು ಏಳು.
ಯಾರಾದರೂ ಓದಿ, ಯಾರಾದರೂ ಬರೆಯಿರಿ, ಯಾರಾದರೂ ಹಾಯಿರಿ.
ಪುಟ ತಟ್ಟನೆ ತೆರೆಯಿತು,
ನನ್ನ ಹೊಟ್ಟೆಯೊಳಗೇನೋ ಮುಚ್ಚಿಕೊಂಡಿತು.
ಕಿಟಕಿಯಾಚೆ ಕತ್ತಲಲ್ಲಿ ಹೈಡ್ರೇಂಜಿಯ ಬೇಲಿಗಳು.
ಅಜ್ಜಿ ಹೇಳುತ್ತಿದ್ದಳು: ನೆಲ ನಡುಗಿದ ವರ್ಷ
ಬೇಲಿಗಳೆಲ್ಲ ಜರಿದು, ಮೂರು ದಿನ
ಯಾರ ಹಸು ಯಾರ ಹುಲ್ಲು ಮೇಯಿತೋ,
ಯಾರ ಕೆಚ್ಚಲಿಗೆ ಯಾರ ಕೈಯೋ.
ಆಮೇಲೆ ಬೇಲಿ ಬೆಳೆಯಿತು.
ಎರಡು ಮನೆಯವರು ಇಂದಿಗೂ
ಚರ್ಚಿನಲ್ಲಿ ಒಂದೇ ಬೆಂಚಿನಲ್ಲಿ ಕೂತು
ಮಾತಾಡುವುದಿಲ್ಲ.

ಏಳುಗಳನ್ನೆಲ್ಲ ವಾಪಸು ಪಡೆದೆ.
ಮತ್ತೆ ಬಿಳಿ.

ನಾಲ್ಕಕ್ಕೆ ಎವಾರಿಸ್ತೊಗೆ ಫೋನು.
ಈ ಅಂಚೆ ಕಟ್ಟಿದವನು ಅವನು,
ಈಗ ಬೆಟ್ಟದ ಮೇಲೆ ಒಂಬತ್ತು ಹಸು.
ಎದ್ದೇ ಇದ್ದ. ಬಕೆಟ್ಟಿನ ತಳಕ್ಕೆ
ಹಾಲು ಬೀಳುವ ಸದ್ದಿನ ನಡುವೆ ಅಂದ:
"ಫೈಲು ಸರಿ ಇದೆ ಬಿಡು. ಯಾರ ಖಾತೆಯಲ್ಲಿದೆ, ಅದು ನೋಡು."

ನೋಡಿದೆ. ಹೆಸರಿರಬೇಕಾದಲ್ಲಿ ಬರಿ ಸಂಖ್ಯೆ:
ಒಂದು ಸಾವಿರದ ಮೂರು.
ಹಳೆಯ ಊರಲ್ಲಿ ಅದು ಅವನೇ. ಈ ಊರಲ್ಲಿ
ಒಂದು ಸಾವಿರದ ಮೂರು ಹುಟ್ಟಿಯೇ ಇಲ್ಲ.
ತೀರಿಹೋದ ಅಜ್ಜನ ಹೆಸರಲ್ಲೇ ಉಳಿದ ಹೊಲದ ಹಾಗೆ:
ಬೆಳೆ ನಿಂತಿದೆ, ಕೊಯ್ಯಲು ಯಾರಿಗೂ ಹಕ್ಕಿಲ್ಲ.

ಖಾತೆ ಬದಲಾಯಿಸುತ್ತಾ ಬಂದೆ,
ವೆಬ್‌ಸರ್ವರ್ ಎಂಬ ಸಂಬಳವಿಲ್ಲದ ಆಳಿನ ಹೆಸರಿಗೆ
ಅವನಿಗೆ ಬೇಕಾದಷ್ಟೇ.
ಓದಲು ನಾಲ್ಕು, ಬರೆಯಲು ಎರಡು,
ಹೊಸ್ತಿಲು ದಾಟಲು ಒಂದು.
ಕೂಡಿಸುವುದು ನನಗೆ ಬರುತ್ತದೆ. ಜೀವನವಿಡೀ ಅದನ್ನೇ ಮಾಡಿದ್ದೇನೆ.

ಪತ್ರಗಳ ಓಣಿಯಲ್ಲಿ, ಜೆರ್ವಾಸಿಯೊ ಪೆಟ್ಟಿಗೆಯ ಮುಂದೆ
ಕರ್ಸರು ಸ್ವಲ್ಪ ಹೊತ್ತು ಮಿಣುಕಿತು.
ಈ ರಾತ್ರಿ ನಾನು ರೂಟ್, ನನಗೆ ಯಾವ ಬೀಗವೂ ಬೀಗವಲ್ಲ.
ಹೋದ ವರ್ಷ ನನ್ನ ಸಂಬಳ ಏರಿಸುವುದು ಬೇಡವೆಂದು
ಸಮಿತಿಗೆ ಬರೆದವರು ಯಾರೆಂದು
ಅದರೊಳಗಿದೆ.
ಮಾಲೀಕನಿಗೆ ಏಳು, ಉಳಿದವರಿಗೆ ಸೊನ್ನೆ ಸೊನ್ನೆ
ಎಂದು ಹಾಕಿ ಮುಂದೆ ಹೋದೆ.
ದೊಡ್ಡತನವೇನಲ್ಲ,
ಐದೂವರೆಗೆ ಹಾಲಿನ ಲಾರಿ ಬರುತ್ತದೆ.

ಕಾಲುವೆಯಾಚೆ ಪೀಕೊ ಶಿಖರದ ತುದಿ ಮಾತ್ರ
ಮೋಡದಿಂದ ಹೊರಗಿದ್ದಾಗ ಮೊದಲ ಪತ್ರ ಬಂತು:
"ಸಿಕ್ಕಿತೇ? ಕೆಂಪು ಹಸು ಒದ್ದುಬಿಟ್ಟಿತು. ಎವಾ."
ಸಿಕ್ಕಿತು, ಎಂದು ಬರೆದು ಕಳಿಸಿದೆ.
ಹೋಯಿತು. ಅದರ ಕೆಳಗೆ, ಕೆಂಪಕ್ಷರದಲ್ಲಿ:
ಕಳಿಸಿದ ಪತ್ರದ ಪ್ರತಿಯನ್ನು ಉಳಿಸಿಡಲಾಗಲಿಲ್ಲ.

ಎದ್ದು ಕಾಫಿಗೆ ನೀರಿಟ್ಟೆ.
ಬಂದು ಮತ್ತೆ ಕೂತೆ.